ತುಕ್ಕು ಯಾರ ತಪ್ಪು?

ಮಳೆಗಾಲ ಕಾಲಿಟ್ಟಿತೆಂದರೆ ನಮ್ಮ ಸಂಘದ ಕಚೇರಿಗೆ ಬರುವ ದೂರುಗಳ ಬಣ್ಣವೇ ಬದಲಾಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಓವರ್‌ಟೈಮು, ರಜೆ, ಪ್ರಾವಿಡೆಂಟ್ ಫಂಡು ಎಂದು ಮೆಟ್ಟಿಲೇರುವ ಬಂಧುಗಳು ಜೂನ್-ಜುಲೈ ತಿಂಗಳಲ್ಲಿ ಬೇರೊಂದು ಮಾತನ್ನು ಹೊತ್ತು ತರುತ್ತಾರೆ. ಕಳೆದ ಮಳೆಗಾಲದಲ್ಲಿ ಥಾಣೆಯ ಒಂದು ಗಾಳಾದಲ್ಲಿ ಫಿಟ್ಟರನಾಗಿರುವ ತರುಣನೊಬ್ಬ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ತಂದೆ ಪರೇಲಿನ ಗಿರಣಿಯಲ್ಲಿ ಮಗ್ಗ ನಡೆಸಿದವರು. ಮಗ ಮೇ ತಿಂಗಳಲ್ಲಿ ಮೂರು ವಾರದ ರಜೆ ಪಡೆದು ಊರಿಗೆ ಹೋಗಿದ್ದ. ಹೋಗುವಾಗ ಡ್ರಿಲ್ಲು, ಗ್ರೈಂಡರುಗಳನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಮಾಲಕರ ಕೈಗೆ ಕೊಟ್ಟಿದ್ದ. ಮೊದಲ ಮಳೆ ಬಿದ್ದ ಮೇಲೆ ಹಿಂದಿರುಗಿ ನೋಡಿದರೆ ಡ್ರಿಲ್ಲಿನ ಚಕ್ಕು ತಿರುಗುವುದಿಲ್ಲ, ಬಿಟ್ಟುಗಳೆಲ್ಲ ಕೆಂಪಾಗಿವೆ, ಬೆಂಚಿನ ವೈಸು ಕಚ್ಚಿ ಹಿಡಿದಿದೆ. ತಿಂಗಳ ಪಗಾರದಲ್ಲಿ ಅದರ ಬಾಬ್ತು ಹಣ ಹಿಡಿದುಕೊಳ್ಳಲಾಯಿತು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಗಾಳಿಗೂ ನೀರಿಗೂ ನಾನು ಜವಾಬುದಾರನೇ?”

ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ತುಕ್ಕು ಎಂದರೇನು, ಅದು ಹೇಗೆ ಬರುತ್ತದೆ, ಅದನ್ನು ತಡೆಯುವುದು ಯಾರ ಕೈಯಲ್ಲಿದೆ ಎಂಬುದನ್ನು ತಿಳಿಯಬೇಕು. ಸಂಪಾದಕೀಯದ ಅಂಕಣದಲ್ಲಿ ಡ್ರಿಲ್ ಮೆಷೀನಿನ ತುಕ್ಕಿನ ವಿಚಾರವೇ ಎಂದು ಕೆಲವರು ನಗಬಹುದು. ನಗಲಿ. ನಮ್ಮವರ ಅನ್ನ ಈಗ ಆ ಯಂತ್ರಗಳಲ್ಲಿದೆ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ಬಳಿಕ ಗಿರಣಗಾಂವಿನ ಭೋಂಗಾಗಳು ಒಂದೊಂದಾಗಿ ಮೌನವಾದವು. ಗಿರಣಿಯನ್ನು ನಂಬಿದ್ದ ಎಷ್ಟೋ ಮನೆಗಳ ಮಕ್ಕಳು ಥಾಣೆಯ ವಾಗ್ಳೆ ಎಸ್ಟೇಟು, ಡೊಂಬಿವಲಿಯ ಎಮ್‌ಐಡಿಸಿ, ಕಲ್ಯಾಣದ ಗ್ಯಾರೇಜುಗಳು, ರಬಾಳೆ-ಮಹಾಪೆ-ಪವಣೆ-ತುರ್ಭೆಯ ಗಾಳಾಗಳು ಎಂದು ಹಂಚಿಹೋದರು. ಹೋಟೆಲಿನ ಬಂಧುಗಳಿಗೂ ಇದು ಪರರ ಮಾತಲ್ಲ. ಹಿಟ್ಟು ರುಬ್ಬುವ ಗ್ರೈಂಡರೂ ಮೋಟರಿನ ಯಂತ್ರವೇ. ಅದರ ಕಾಲು ನೀರಿನಲ್ಲಿ, ಮೈ ಉಪ್ಪಿನಲ್ಲಿ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಎರಡು ವಸ್ತು ಬೇಕು: ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ. ಒಂದಿದ್ದು ಇನ್ನೊಂದಿಲ್ಲದಿದ್ದರೆ ತುಕ್ಕು ಬೆಳೆಯದು. ಆದರೆ ನೀರೆಂದರೆ ಕಣ್ಣಿಗೆ ಕಾಣುವ ನೀರೇ ಆಗಬೇಕಾಗಿಲ್ಲ. ಗಾಳಿಯ ತೇವಾಂಶ ಶೇಕಡಾ 60ರ ಆಸುಪಾಸು ದಾಟಿತೆಂದರೆ ಕಬ್ಬಿಣದ ಮೈಮೇಲೆ ಕಾಣದಷ್ಟು ತೆಳುವಾದ ನೀರಿನ ಪೊರೆಯೊಂದು ಕೂಡುತ್ತದೆ, ಅಷ್ಟು ಸಾಕು. ನಮ್ಮ ಈ ಕರಾವಳಿಯಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತೇವಾಂಶ ಬಹುತೇಕ 80ಕ್ಕಿಂತ ಮೇಲೆಯೇ ಇರುತ್ತದೆ. ಆದುದರಿಂದ ಮಳೆಹನಿ ತಾಕದಂತೆ ಬೀಗ ಹಾಕಿಟ್ಟರೂ ಕಪಾಟಿನೊಳಗಿನ ಡ್ರಿಲ್ಲು ತೊಯ್ದಂತೆಯೇ ಸರಿ.

ಅದಕ್ಕೆ ಉಪ್ಪು ಸೇರಿತೋ, ಕತೆ ಮುಗಿದಂತೆ. ಉಪ್ಪು ತೇವವನ್ನು ಎಳೆದು ಹಿಡಿಯುತ್ತದೆ, ತುಕ್ಕಿನ ಓಟಕ್ಕೆ ಕೊರಡೆ ಬೀಸುತ್ತದೆ. ಥಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಒಂದು ಮಗ್ಗುಲಲ್ಲಿ ಗುಡ್ಡ, ಇನ್ನೊಂದು ಮಗ್ಗುಲಲ್ಲಿ ಖಾಡಿ. ಐರೋಳಿಯಿಂದ ವಾಶಿಯವರೆಗೆ ಬೀಸುವ ಸಂಜೆಗಾಳಿಯ ರುಚಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡೊಂಬಿವಲಿಯದು ಇನ್ನೊಂದು ಬಗೆ. ಅಲ್ಲಿ ಉಲ್ಹಾಸ ಖಾಡಿಯ ತೇವದ ಜೊತೆಗೆ ರಾಸಾಯನಿಕ ಕಾರಖಾನೆಗಳ ಹೊಗೆಯೂ ಇದೆ. ಆಮ್ಲದ ಆವಿ ಬೆರೆತ ಗಾಳಿಯಲ್ಲಿ ಕಿಟಕಿಯ ಸರಳು, ಸೈಕಲಿನ ಕಡ್ಡಿ, ಗೋಡೆಯ ಮೊಳೆ ಬೇಗ ಸವೆಯುತ್ತವೆ. ಯಂತ್ರಗಳು ಮಾತ್ರ ಹೇಗೆ ಉಳಿದಾವು?

ಕೈಬೆವರನ್ನೂ ಮರೆಯುವಂತಿಲ್ಲ. ಬೆವರಿನಲ್ಲಿ ಉಪ್ಪಿದೆ. ಹೊಳೆಯುವ ಉಕ್ಕಿನ ಮೇಲೆ ಬೆರಳಿಟ್ಟು ಹಾಗೆಯೇ ಬಿಟ್ಟರೆ ಕೆಲವು ದಿನಗಳಲ್ಲಿ ಆ ಬೆರಳಿನ ಗುರುತೇ ಕೆಂಪು ಬಣ್ಣದಲ್ಲಿ ಮೂಡುತ್ತದೆ. ಕಾರ್ಮಿಕನ ಸಹಿ ಎಂದರೆ ಅದೇ ಇರಬೇಕು!

ತುಕ್ಕಿಗೆ ಒಂದು ಕೆಟ್ಟ ಗುಣವಿದೆ. ತಾಮ್ರದ ಮೇಲಿನ ಕಿಲುಬು, ಅಲ್ಯುಮಿನಿಯಮ್ಮಿನ ಮೇಲಿನ ಪೊರೆ ಒಳಗಿನ ಲೋಹವನ್ನು ಒಂದು ಮಟ್ಟಿಗೆ ಕಾಯುತ್ತವೆ. ಕಬ್ಬಿಣದ ತುಕ್ಕು ಕಾಯುವುದಿಲ್ಲ. ಅದು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಉಬ್ಬುತ್ತದೆ, ಹಕ್ಕಳೆಯಾಗಿ ಉದುರುತ್ತದೆ. ಕೆಳಗಿನ ಹೊಸ ಕಬ್ಬಿಣ ಮತ್ತೆ ಗಾಳಿಗೆ ಬೀಳುತ್ತದೆ. ನಟ್ಟು-ಬೋಲ್ಟು ಕಚ್ಚಿಕೊಳ್ಳುವುದೂ ಚಕ್ಕು ಸಿಕ್ಕಿಕೊಳ್ಳುವುದೂ ಈ ಉಬ್ಬಿನಿಂದಲೇ. ಇದಕ್ಕೆ ಅಪವಾದವಿಲ್ಲವೇ ಎಂದರೆ ಇದೆ. ದಿಲ್ಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷಗಳಿಂದ ಬಯಲಿನಲ್ಲಿ ನಿಂತಿದೆ. ನಮ್ಮ ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಬಳಿ, ಮಳೆ ಸುರಿದೇ ಸುರಿಯುವ ಜಾಗದಲ್ಲಿ, ಇಂಥದೇ ಒಂದು ಕಬ್ಬಿಣದ ಕಂಬವಿರುವುದನ್ನು ಕೊಲ್ಲೂರಿಗೆ ಹೋದ ಬಂಧುಗಳಲ್ಲಿ ಅನೇಕರು ಕಂಡಿರಬಹುದು. ದಿಲ್ಲಿಯ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ಮೈಮೇಲೆ ಗಟ್ಟಿಯಾದ ಪೊರೆಯೊಂದು ಕಟ್ಟಿಕೊಂಡಿದೆ ಎಂದು ಲೋಹಶಾಸ್ತ್ರಜ್ಞರು ತೋರಿಸಿದ್ದಾರೆ. ಆದರೆ ರಂಜಕ ಹೆಚ್ಚಾದ ಉಕ್ಕು ಪೆಡಸಾಗಿ ಒಡೆಯುವುದರಿಂದ ಈ ಕಾಲದ ಉಕ್ಕಿನಲ್ಲಿ ಅದನ್ನು ಬೇಕೆಂದೇ ತೆಗೆದುಹಾಕುತ್ತಾರೆ. ಹಾಗಾಗಿ ನಮ್ಮ ಡ್ರಿಲ್ ಬಿಟ್ಟಿಗೆ ಆ ಪುಣ್ಯವಿಲ್ಲ. ಅದಕ್ಕೆ ಪೊರೆಯನ್ನು ನಾವೇ ಕೊಡಬೇಕು.

ಆ ಪೊರೆಯೆಂದರೆ ಎಣ್ಣೆ. ಗಿರಣಿಯಲ್ಲಿ ದುಡಿದ ಹಿರಿಯರು ಇದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ನೂಲು ಕಡಿಯಬಾರದೆಂದು ಮಗ್ಗದ ಖಾತೆಯಲ್ಲಿ ಗಾಳಿಯನ್ನು ಬೇಕೆಂದೇ ಒದ್ದೆಯಾಗಿ ಇಡುತ್ತಿದ್ದರು. ಆ ಆವಿಯಲ್ಲಿ ನಿಂತವರ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಅಂಥ ಜಾಗದಲ್ಲೂ ಕಬ್ಬಿಣದ ಮಗ್ಗಗಳು ದಶಕಗಟ್ಟಲೆ ಓಡಿದವು. ಕಾರಣ, ಎಣ್ಣೆ ಹಾಕುವುದಕ್ಕೇ ಒಬ್ಬ ಆಳಿದ್ದ, ಒರೆಸುವುದಕ್ಕೆ ಇನ್ನೊಬ್ಬನಿದ್ದ, ಆ ಕೆಲಸಕ್ಕೆ ಪಗಾರವಿತ್ತು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ನಾವು ಅದಕ್ಕೇ ಬರುತ್ತೇವೆ. ಓಡುವ ಯಂತ್ರ ಬಿಸಿಯಾಗಿರುತ್ತದೆ, ಎಣ್ಣೆ ಅದರ ಮೈಯೆಲ್ಲ ಹರಡುತ್ತದೆ. ನಿಂತ ಯಂತ್ರಕ್ಕೇ ಮೊದಲು ತುಕ್ಕು.

ಹೋಟೆಲಿನ ಬಂಧುಗಳಿಗೆ ಬೇರೆ ಉದಾಹರಣೆ ಬೇಕೇ? ದೋಸೆಯ ಕಾವಲಿಯನ್ನೇ ನೋಡಿರಿ. ಎರಕದ ಕಬ್ಬಿಣ ಅದು. ದಿನಕ್ಕೆ ನೂರು ಸಲ ಅದರ ಮೇಲೆ ನೀರು ಚಿಮುಕಿಸುತ್ತೇವೆ, ಉಪ್ಪಿನ ಹಿಟ್ಟು ಹೊಯ್ಯುತ್ತೇವೆ, ಆದರೂ ತುಕ್ಕಿಲ್ಲ. ಅರ್ಧ ಈರುಳ್ಳಿಯಿಂದ ಎಣ್ಣೆ ಸವರಿ ಸವರಿ, ಬೆಂಕಿಯ ಕಾವಿಗೆ ಆ ಎಣ್ಣೆಯೇ ಗಟ್ಟಿಯಾದ ಕರಿ ಪೊರೆಯಾಗಿ ಕಬ್ಬಿಣಕ್ಕೆ ಅಂಟಿಕೊಂಡಿದೆ. ಹೊಸ ಹುಡುಗ ಅದನ್ನು ಸಾಬೂನು ಹಾಕಿ ಗಸಗಸ ತಿಕ್ಕಿ ಬೆಳ್ಳಗೆ ಮಾಡಿಟ್ಟರೆ ಮರುದಿನ ಕಾವಲಿ ಕೆಂಪಾಗಿರುತ್ತದೆ, ಭಟ್ಟರು ಇನ್ನೂ ಕೆಂಪಾಗಿರುತ್ತಾರೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಕಾವಲಿಗೆ ಒಳ್ಳೆಯದಾದ ಅಡಿಗೆ ಎಣ್ಣೆ ಯಂತ್ರಕ್ಕೆ ಒಳ್ಳೆಯದಲ್ಲ. ಗಾಳಿಗೆ ಬಿಟ್ಟ ಕಡಲೆ ಎಣ್ಣೆ, ಸೂರ್ಯಕಾಂತಿ ಎಣ್ಣೆ ಕೆಲವು ದಿನಗಳಲ್ಲಿ ಗೋಂದಿನಂತೆ ಅಂಟಾಗುತ್ತದೆ. ಕಾವಲಿಯ ಮೇಲೆ ಪೊರೆ ಕಟ್ಟುವ ಗುಣವೇ ಡ್ರಿಲ್ಲಿನ ಚಕ್ಕಿನಲ್ಲಿ ಅದನ್ನು ಮೇಣವನ್ನಾಗಿ ಮಾಡುತ್ತದೆ. ಯಂತ್ರಕ್ಕೆ ಯಂತ್ರದ ಎಣ್ಣೆಯೇ ಬೇಕು. ಹೊಲಿಗೆ ಯಂತ್ರದ ತೆಳು ಎಣ್ಣೆಯಾದರೂ ನಡೆಯುತ್ತದೆ. ಬಹಳ ದಿನ ನಿಲ್ಲಿಸಿಡುವ ಯಂತ್ರಕ್ಕೆ ತೆಳು ಎಣ್ಣೆ ಸಾಲದು, ಅದು ಜಾರಿಹೋಗುತ್ತದೆ. ಗ್ರೀಸನ್ನೋ, ಪೇಟೆಯಲ್ಲಿ ಸಿಗುವ ತುಕ್ಕುತಡೆ ಎಣ್ಣೆಯನ್ನೋ ತೆಳ್ಳಗೆ ಸವರಬೇಕು. ಡಬ್ಬಿಯಿಂದ ಸಿಂಪಡಿಸುವ ಸ್ಪ್ರೇಗಳಲ್ಲಿ ಹಲವು ಕಚ್ಚಿದ ನಟ್ಟನ್ನು ಬಿಡಿಸಲು ಚೆನ್ನ. ಆದರೆ ಮಳೆಗಾಲವಿಡೀ ಕಾಯುತ್ತವೆಂದು ನಂಬಿ ಕೂಡಬಾರದು.

ಇನ್ನು ಇಡುವ ಕ್ರಮ. ಮಳೆಯಲ್ಲಿ ಕೆಲಸ ಮಾಡಿ ಬಂದು ಒದ್ದೆ ಡ್ರಿಲ್ಲನ್ನು ಅದರ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿಡುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ. ಅದು ಕಾಪಾಡುವುದಲ್ಲ, ಹಬೆಯಲ್ಲಿ ಇಡ್ಲಿ ಬೇಯಿಸಿದಂತೆ. ಪೆಟ್ಟಿಗೆಯೊಳಗಿನ ಸ್ಪಂಜು, ರಟ್ಟು, ಹಳೆ ಬಟ್ಟೆ ಎಲ್ಲವೂ ನೀರು ಕುಡಿದು ಹಿಡಿದುಕೊಳ್ಳುತ್ತವೆ. ಮೊದಲು ಒಣಬಟ್ಟೆಯಿಂದ ಒರೆಸಿ, ಒಂದಷ್ಟು ಹೊತ್ತು ಫ್ಯಾನಿನ ಕೆಳಗಿಟ್ಟು, ಎಣ್ಣೆಬಟ್ಟೆ ಆಡಿಸಿ, ಆಮೇಲೆ ಪೆಟ್ಟಿಗೆಗೆ ಹಾಕಬೇಕು. ಸಿಲಿಕಾ ಜೆಲ್ಲಿನ ಚೀಲ ಹಾಕುವುದು ಒಳ್ಳೆಯದೇ. ಆದರೆ ಅದು ಕುಡಿದು ತುಂಬಿದ ಮೇಲೆ ಮತ್ತೆ ಬಿಸಿ ಮಾಡಿ ಒಣಗಿಸದಿದ್ದರೆ ಬರೀ ಮರಳಿಗೆ ಸಮಾನ. ನೀಲಿ ಹರಳು ಗುಲಾಬಿಯಾಯಿತೆಂದರೆ ಅದರ ಹೊಟ್ಟೆ ತುಂಬಿತೆಂದು ತಿಳಿಯಬೇಕು.

ಕಪಾಟಿನಲ್ಲಿ 40 ವ್ಯಾಟಿನ ಹಳೆಯ ಮಾದರಿಯ ತಂತಿ ಬಲ್ಬೊಂದನ್ನು ಉರಿಸಿಡುವುದು ಅಗ್ಗದ, ಬಲವಾದ ಉಪಾಯ. ಅದು ಗಾಳಿಯಿಂದ ನೀರನ್ನು ತೆಗೆಯುವುದಿಲ್ಲ. ಒಳಗಿನ ಗಾಳಿಯನ್ನೂ ಕಬ್ಬಿಣವನ್ನೂ ಹೊರಗಿಗಿಂತ ತುಸು ಬೆಚ್ಚಗಿಡುತ್ತದೆ. ಬೆಚ್ಚಗಿರುವ ಕಬ್ಬಿಣದ ಮೇಲೆ ಇಬ್ಬನಿ ಕೂಡದು. ಎಲ್‌ಇಡಿ ಬಲ್ಬು ಅಷ್ಟು ಕಾಯುವುದಿಲ್ಲವಾದ್ದರಿಂದ ಇಲ್ಲಿ ಅದರಿಂದ ಉಪಯೋಗವಿಲ್ಲ. ಬಲ್ಬಿಗೆ ಜಾಳಿಗೆಯಿರಲಿ, ಎಣ್ಣೆಬಟ್ಟೆ ಅದರ ಹತ್ತಿರ ಸುಳಿಯದಿರಲಿ. ಬೆಳಿಗ್ಗೆ ಶಟರು ಎತ್ತಿದಾಗ ಲೇಥಿನ ಹಾಸು “ಬೆವರಿದೆ” ಎನ್ನುತ್ತಾರಲ್ಲ, ಅದಕ್ಕೂ ಇದೇ ಕಾರಣ. ರಾತ್ರಿ ತಣ್ಣಗಾದ ಎರಕದ ಕಬ್ಬಿಣಕ್ಕೆ ಹೊರಗಿನ ಬೆಚ್ಚನೆಯ ಒದ್ದೆ ಗಾಳಿ ತಗಲಿತು, ನೀರು ಕೂತಿತು. ಹಾಸನ್ನು ಮೊದಲು ಒರೆಸಿ, ಎಣ್ಣೆ ಹಚ್ಚಿ, ಬಳಿಕ ಕೆಲಸಕ್ಕೆ ಇಳಿಯುವುದು ಬಲ್ಲವರ ಪದ್ಧತಿ.

ಒಂದು ತಪ್ಪನ್ನು ಮಾತ್ರ ನಾವು ಬಿಗಿಯಾಗಿ ಹೇಳಬೇಕಾಗಿದೆ. ಪಾಯಖಾನೆ ತೊಳೆಯುವ, ಫರಸಿ ಉಜ್ಜುವ ಆ್ಯಸಿಡ್ಡಿನ ಬಾಟಲಿಯನ್ನು ಹತಾರಗಳ ಕಪಾಟಿನ ಕೆಳಗೆ ಇಡುವ ರೂಢಿ ಹೋಟೆಲುಗಳಲ್ಲೂ ಇದೆ, ಗಾಳಾಗಳಲ್ಲೂ ಇದೆ. ಬೂಚು ಬಿಗಿಯಾಗಿದ್ದರೂ ಅದರ ಆವಿ ನುಸುಳುತ್ತದೆ. ಒಂದೇ ವಾರದಲ್ಲಿ ಆ ಕೋಣೆಯ ಕಬ್ಬಿಣವೆಲ್ಲ ಕೆಂಪಾಗುತ್ತದೆ. ಆ್ಯಸಿಡ್ಡಿಗೂ ಬ್ಲೀಚಿಂಗ್ ಪುಡಿಗೂ ಸಂಬಂಧ ಬೆಳೆದರೆ ಕ್ಲೋರಿನ್ ವಿಷಗಾಳಿ ಹುಟ್ಟಿ ಮನುಷ್ಯರ ಪ್ರಾಣಕ್ಕೇ ಬರುತ್ತದೆ. ಎರಡನ್ನೂ ಬೇರೆ ಬೇರೆ, ಹತಾರಗಳಿಂದ ದೂರ ಇಡಬೇಕು.

ಆಯುಧಪೂಜೆಯ ವಿಷಯ ಎತ್ತಿದರೆ ಕೆಲವರಿಗೆ ಬೇಸರವಾಗಬಹುದು. ಇಲ್ಲಿಯವರು ಖಂಡೇನವಮಿ ಎನ್ನುವ ಆ ದಿನ ಗಾಳಾಗಾಳಾದಲ್ಲಿ ಯಂತ್ರಗಳನ್ನು ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಕುಯ್ದು, ಕುಂಬಳಕಾಯಿ ಒಡೆಯುವುದನ್ನು ನೋಡಿದರೆ ನಮಗೂ ಸಂತೋಷವಾಗುತ್ತದೆ. ಆದರೆ ನಿಂಬೆಯ ರಸ ಹುಳಿ, ಎಳನೀರಿನಲ್ಲಿ ಲವಣಗಳಿವೆ. ಪೂಜೆ ಮುಗಿದು ಎರಡು ದಿನ ರಜೆಯಿದ್ದರೆ ಮೂರನೆಯ ದಿನ ಡ್ರಿಲ್ಲಿನ ಮೇಜಿನಲ್ಲಿ ಪೂಜೆಯ ಗುರುತು ಖಾಯಮ್ಮಾಗಿ ಉಳಿದಿರುತ್ತದೆ. ಪ್ರಸಾದ ಹಂಚಿದ ಬಳಿಕ ಯಂತ್ರವನ್ನು ಒರೆಸಿ ಎಣ್ಣೆ ಸವರಿದರೆ ದೇವಿ ಸಿಟ್ಟಾಗಲಾರಳು. ಇನ್ನೊಂದು ಮಾತು: ಈ ಪೂಜೆ ಬರುವುದು ಮಳೆ ಮುಗಿಯುವ ಹೊತ್ತಿಗೆ. ಕಬ್ಬಿಣದ ದೃಷ್ಟಿಯಿಂದ ಅದು ಮೇ ತಿಂಗಳ ಕೊನೆಯಲ್ಲಿ ಬರಬೇಕಾಗಿತ್ತು.

ಹಿಡಿದ ತುಕ್ಕನ್ನು ತೆಗೆಯುವುದು ಹೇಗೆ? ಮೊದಲ ಕೆಲಸ ಪಿನ್ನು ಕೀಳುವುದು. ಪಿನ್ನು ಗೋಡೆಯಲ್ಲಿರುವಾಗ ಡ್ರಿಲ್ಲಿನ ಚಕ್ಕಿಗೆ ಕೈ ಹಾಕಬಾರದು. ಬ್ಯಾಟರಿಯದಾದರೆ ಬ್ಯಾಟರಿ ತೆಗೆಯಬೇಕು. ಮೇಲುಮೇಲಿನ ತುಕ್ಕಾದರೆ ಎಣ್ಣೆಯಲ್ಲಿ ಅದ್ದಿದ ಉಕ್ಕಿನ ನಾರು ಅಥವಾ 400 ನಂಬರಿನ ಪಾಲಿಶ್ ಪೇಪರಿನಿಂದ ಹಗುರವಾಗಿ ಉಜ್ಜಿದರೆ ಹೋಗುತ್ತದೆ. ಲೇಥಿನ ಹಾಸು, ಡ್ರಿಲ್ಲಿನ ಟೇಪರು ಮೊದಲಾದ ಅಳತೆಯ ಜಾಗಗಳಲ್ಲಿ ಬಲ ಬಿಟ್ಟು ಉಜ್ಜಿದರೆ ತುಕ್ಕಿಗಿಂತ ಉಜ್ಜಿದ್ದರಿಂದಲೇ ಯಂತ್ರ ಕೆಡುತ್ತದೆ. ಉದುರಿದ ಪುಡಿ ಹಾಸಿನ ಸಂದಿಗೆ ಸೇರಿ ಅರೆಯುತ್ತಾ ಕೂಡುತ್ತದೆ. ಕಚ್ಚಿದ ಬೋಲ್ಟಿಗೆ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಬಿಟ್ಟು ಒಂದು ರಾತ್ರಿ ಕಾಯಬೇಕು. ಸುತ್ತಿಗೆ ಆಮೇಲೆ.

ದಪ್ಪ ತುಕ್ಕು ಹಿಡಿದ ಬಿಡಿಭಾಗಗಳಿಗೆ ಹುಳಿ ಮದ್ದು. ಊರಿನಲ್ಲಿ ತಾಯಂದಿರು ಹಿತ್ತಾಳೆಯ ಚೊಂಬಿಗೆ ಹುಣಿಸೆಹಣ್ಣು ಹಾಕಿ ಬೆಳಗುತ್ತಿದ್ದುದು ಇದೇ ಶಾಸ್ತ್ರದಿಂದ. ಹೋಟೆಲಿನ ಅಡಿಗೆಮನೆಯಲ್ಲಿ ಸಿಗುವ ನಿಂಬೂಸತ್ತನ್ನು ಲೀಟರು ನೀರಿಗೆ 50 ಗ್ರಾಮಿನಂತೆ ಕರಗಿಸಿ ಅದರಲ್ಲಿ ಭಾಗಗಳನ್ನು ಮುಳುಗಿಸಿ, ಗಂಟೆಗೊಮ್ಮೆ ತೆಗೆದು ಬ್ರಶ್ಶಿನಿಂದ ತಿಕ್ಕಿದರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಕಬ್ಬಿಣ ಬಿಚ್ಚಿಕೊಳ್ಳುತ್ತದೆ. ವಿನೇಗರೂ ನಡೆಯುತ್ತದೆ, ನಿಧಾನ. ಕಾಕಂಬಿ ಸಿಗುವವರು ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ವಾರವೋ ಎರಡು ವಾರವೋ ನೆನೆಯಿಟ್ಟರೆ ಅದು ತುಕ್ಕನ್ನು ಮಾತ್ರ ಬಹಳ ಮೃದುವಾಗಿ ಬಿಡಿಸುತ್ತದೆ, ನಾತವನ್ನು ಸಹಿಸಬೇಕು. ಹುಳಿಯಿಂದ ತೆಗೆದೊಡನೆ ಅಡಿಗೆ ಸೋಡದ ನೀರಿನಲ್ಲಿ ಅದ್ದಿ, ತೊಳೆದು, ಆ ಕ್ಷಣವೇ ಒಣಗಿಸಿ ಎಣ್ಣೆ ಹಚ್ಚಬೇಕು. ಚಹಾ ಕುಡಿದು ಬರುತ್ತೇನೆಂದು ಹೋದರೆ ಬರುವಷ್ಟರಲ್ಲಿ ಮತ್ತೆ ಕೆಂಪು. ಗಟ್ಟಿ ಮಾಡಿದ ಉಕ್ಕು, ಅಂದರೆ ಸ್ಪ್ರಿಂಗು, ಗರಗಸದ ಹಲ್ಲು, ಇಂಥವನ್ನು ರಾತ್ರಿಯಿಡೀ ಹುಳಿಯಲ್ಲಿ ಬಿಡಬಾರದು, ಪೆಡಸಾಗಿ ಮುರಿಯುತ್ತವೆ. ಬೇರಿಂಗು, ಮೋಟರು, ಸ್ವಿಚ್ಚು ಇವುಗಳನ್ನು ಹುಳಿಯ ಹತ್ತಿರ ತರಲೇಬಾರದು. ತುಕ್ಕು ಹಿಡಿದ ಬೇರಿಂಗನ್ನು ತೊಳೆದು ಮತ್ತೆ ಹಾಕುವ ಜಿಪುಣತನ ಬೇಡ. ಹೊಸದನ್ನು ಹಾಕಿಸಬೇಕು.

ಬಟ್ಟೆಸೋಡದ ನೀರಿನಲ್ಲಿ ಬ್ಯಾಟರಿ ಚಾರ್ಜರಿನಿಂದ ಕರೆಂಟು ಹರಿಸಿ ತುಕ್ಕು ಬಿಡಿಸುವ ಉಪಾಯವನ್ನೂ ಕೆಲವರು ಬಲ್ಲರು. ತುಕ್ಕಿನ ವಸ್ತುವಿಗೆ ಋಣ ತುದಿ, ಹಳೆಯ ಕಬ್ಬಿಣದ ತಗಡಿಗೆ ಧನ ತುದಿ. ಒಳ್ಳೆಯ ಕ್ರಮವೇ. ಆದರೆ ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲಿನ ಚಮಚ, ತಟ್ಟೆ ಕಟ್ಟಬಾರದು, ಅದರಿಂದ ಕ್ರೋಮಿಯಮ್ಮಿನ ವಿಷ ನೀರಿಗಿಳಿಯುತ್ತದೆ; ಸೋಡದ ಬದಲು ಉಪ್ಪು ಹಾಕಬಾರದು; ಹೊರಡುವ ಗುಳ್ಳೆಗಳು ಹೈಡ್ರೋಜನ್ ಆದುದರಿಂದ ಬಯಲಿನಲ್ಲಿ, ಬೀಡಿ ಸಿಗರೇಟಿನಿಂದ ದೂರ ಮಾಡಬೇಕು. ತಂತಿಚಕ್ರ ಹಾಕಿ ಗ್ರೈಂಡರಿನಿಂದ ತುಕ್ಕು ಹಾರಿಸುವವರು ಕಣ್ಣಿಗೆ ಕನ್ನಡಕ ಹಾಕದೆ ನಿಲ್ಲಬಾರದು. ಬಿಟ್ಟುಬಂದ ತಂತಿ ಗುಂಡಿನಂತೆ ಬರುತ್ತದೆ.

ಇಷ್ಟೂ ಹೇಳಿದ್ದು ಯಂತ್ರದ ಆಯುಷ್ಯದ ಮಾತು. ಮನುಷ್ಯನ ಆಯುಷ್ಯದ ಮಾತು ಬೇರೆ ಇದೆ, ಅದಕ್ಕಾಗಿಯೇ ನಾವು ಇಷ್ಟು ಉದ್ದ ಬರೆದೆವು.

ಯಂತ್ರದ ಲೋಹದ ಮೈಗೆ ಅರ್ತಿಂಗ್ ತಂತಿ ಕಟ್ಟುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ತುಕ್ಕಿಗೆ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲ. ಆ ಸ್ಕ್ರೂವಿನ ಕೆಳಗೆ ತುಕ್ಕು ಕೂತಿತೆಂದರೆ ತಂತಿ ಇದ್ದೂ ಇಲ್ಲದಂತೆ. ನೋಡುವವರಿಗೆ ಹಸಿರು ತಂತಿ ಕಾಣುತ್ತದೆ, ನಂಬಿಕೆ ಬರುತ್ತದೆ. ಒಳಗೆ ಮೋಟರಿನ ಸುತ್ತು ತೇವದಿಂದ ಸೋರಿದ ದಿನ ಕರೆಂಟು ಭೂಮಿಗೆ ಹೋಗುವ ಬದಲು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಹುಡುಗನ ಮೈಯಿಂದ ಹೋಗುತ್ತದೆ. ಹೋಟೆಲಿನ ರುಬ್ಬುವ ಗ್ರೈಂಡರಿಗೆ ಈ ಮಾತು ಗಾಳಾದ ಡ್ರಿಲ್ಲಿಗಿಂತ ಹೆಚ್ಚು ಅನ್ವಯಿಸುತ್ತದೆ. ಮಳೆಗಾಲಕ್ಕೆ ಮುನ್ನ ಆ ಸ್ಕ್ರೂ ಬಿಚ್ಚಿಸಿ, ಹೊಳೆಯುವಂತೆ ಉಜ್ಜಿಸಿ, ಮತ್ತೆ ಬಿಗಿಸಲು ಎಲೆಕ್ಟ್ರಿಶಿಯನ್ನನಿಗೆ ಹತ್ತು ನಿಮಿಷ ಸಾಕು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು; ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಬೀಳದಿದ್ದರೆ ಅದು ಬರೀ ಅಲಂಕಾರ.

ಗ್ರೈಂಡರಿಗೆ ಹಾಕುವ ಕಟಿಂಗ್ ಚಕ್ರಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದು ನಿಶ್ಚಿಂತರಾಗುವವರಿದ್ದಾರೆ. ಅಂಟಿನಿಂದ ಕಟ್ಟಿದ ಆ ಚಕ್ರ ತೇವ ಕುಡಿದು ದುರ್ಬಲವಾಗುತ್ತದೆ, ನಿಮಿಷಕ್ಕೆ ಸಾವಿರಾರು ಸುತ್ತಿನ ವೇಗದಲ್ಲಿ ಸಿಡಿಯುತ್ತದೆ. ನಡುವಿನ ಲೋಹದ ಬಳೆಯ ಮೇಲೆ ಅದರ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ; ಎಷ್ಟು ಮಂದಿ ಓದಿದ್ದೀರಿ? ನೀರಿನಲ್ಲಿ ಬಿದ್ದ ಚಕ್ರವನ್ನೂ ಅವಧಿ ಮುಗಿದ ಚಕ್ರವನ್ನೂ ಮುರಿದು ಬಿಸಾಡಬೇಕು. ಚಕ್ರದ ಗಾರ್ಡು ತುಕ್ಕಿನಿಂದ ತಿರುಗುವುದಿಲ್ಲವೆಂದು ಬಿಚ್ಚಿಟ್ಟು ಕೆಲಸ ಮಾಡುವುದಂತೂ ಬೆರಳನ್ನು ಹರಾಜಿಗಿಟ್ಟಂತೆ.

ಗಾಳಿಯ ಕಂಪ್ರೆಸರಿನ ಟಾಕಿಯದು ಎಲ್ಲಕ್ಕಿಂತ ಗುಪ್ತವಾದ ಅಪಾಯ. ಗಾಳಿಯನ್ನು ಒತ್ತಿದಾಗ ಅದರಲ್ಲಿನ ನೀರು ಟಾಕಿಯ ತಳದಲ್ಲಿ ಇಳಿದು ನಿಲ್ಲುತ್ತದೆ. ಹೊರಗೆ ಬಣ್ಣ ಬಳಿದು ಚೆಂದವಿರುವ ಟಾಕಿ ಒಳಗಿನಿಂದ ತೆಳ್ಳಗಾಗುತ್ತಾ ಹೋಗಿ ಒಂದು ದಿನ ಒಡೆಯುತ್ತದೆ. ತಳದ ತಿರುಪನ್ನು ದಿನವೂ ತೆರೆದು ನೀರು ಬಿಡಬೇಕು. ಗಾಳಿಯ ಹತಾರಗಳು ಒಳಗಿನಿಂದ ತುಕ್ಕು ಹಿಡಿಯುವುದೂ ಈ ನೀರಿನಿಂದಲೇ. ಇಂಥ ಒತ್ತಡದ ಪಾತ್ರೆಗಳನ್ನು ಕಾಲಕಾಲಕ್ಕೆ ಅರ್ಹ ವ್ಯಕ್ತಿಯಿಂದ ಪರೀಕ್ಷೆ ಮಾಡಿಸುವುದು ಕಾರಖಾನೆಯ ಮಾಲಕರ ಮೇಲಿನ ಕಾನೂನಿನ ಹೊಣೆ. ಕೊನೆಯ ಪರೀಕ್ಷೆ ಯಾವಾಗ ಆಯಿತೆಂದು ಕೇಳುವುದು ಉದ್ಧಟತನವಲ್ಲ.

2005ರ ಜುಲೈ 26ನ್ನು ಈ ಭಾಗದ ಯಾರೂ ಮರೆತಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾಯಿತು. ಕಲ್ಯಾಣ, ಉಲ್ಹಾಸನಗರ, ಬದಲಾಪುರದ ತಗ್ಗು ಭಾಗಗಳು ಮುಳುಗಿದವು. 2019ರ ಜುಲೈಯಲ್ಲಿ ಬದಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ನಿಂತು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಬಿಡಿಸಬೇಕಾಯಿತು. ಹೀಗೆ ನೆರೆ ಇಳಿದ ಮರುದಿನ “ಓಡುತ್ತದೆಯೋ ನೋಡೋಣ” ಎಂದು ಸ್ವಿಚ್ಚು ಒತ್ತುವುದು ಸಹಜ, ಅದೇ ಮಾರಕ. ಮುಳುಗಿದ ಯಂತ್ರದ ಕೆಸರನ್ನು ಮೊದಲು ಸಿಹಿನೀರಿನಿಂದ ತೊಳೆಯಬೇಕು, ಖಾಡಿಯ ಉಪ್ಪು ಹೋಗಬೇಕು. ಬಿಚ್ಚಿ, ಪೂರಾ ಒಣಗಿಸಿ, ಎಲೆಕ್ಟ್ರಿಶಿಯನ್ನನು 500 ವೋಲ್ಟಿನ ಮೆಗ್ಗರ್ ಹಚ್ಚಿ ಕನಿಷ್ಠ 1 ಮೆಗ್‌ಓಮ್ ತೋರಿಸಿದ ಮೇಲೆಯೇ ಕರೆಂಟಿನ ಮಾತು.

ಈಗ ಆ ತರುಣನ ಪ್ರಶ್ನೆಗೆ ಬರೋಣ. ಒರೆಸುವುದಕ್ಕೂ ಎಣ್ಣೆ ಹಚ್ಚುವುದಕ್ಕೂ ದಿನಕ್ಕೆ ಹದಿನೈದು ನಿಮಿಷ ಬೇಕು, ಕಾಟನ್ ವೇಸ್ಟು ಬೇಕು, ಎಣ್ಣೆ ಬೇಕು. ಗಿರಣಿಯಲ್ಲಿ ಇದಕ್ಕೆ ಪಗಾರದ ಆಳಿದ್ದ ಎಂದೆವು. ಇಂದಿನ ಗಾಳಾಗಳಲ್ಲಿ ಕೆಲಸದ ಗಂಟೆ ಮುಗಿಯುವವರೆಗೂ ಮಾಲು ತೆಗೆಯಬೇಕು; ಆ ಮೇಲೆ ಲೋಕಲ್ ಹಿಡಿಯುವ ಅವಸರದಲ್ಲಿ ಯಾರಾದರೂ ಒರೆಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗೆ ಹೊತ್ತು ಕೊಡದೆ, ಎಣ್ಣೆ ಕೊಡದೆ, ಸೋರುವ ಮಾಡನ್ನು ರಿಪೇರಿ ಮಾಡದೆ, ತುಕ್ಕು ಬಂದಾಗ ಮಾತ್ರ ಕಾರ್ಮಿಕನ ಪಗಾರಕ್ಕೆ ಕೈಹಾಕುವುದು ನ್ಯಾಯವಲ್ಲ. ಕಾನೂನೂ ಅದನ್ನು ಒಪ್ಪುವುದಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ನಿಯಮ, 2025ರ ನವೆಂಬರಿನಲ್ಲಿ ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲೂ ಉಳಿದಿದೆ. ವಸ್ತುವನ್ನು ಕಾಪಾಡಲೆಂದೇ ಸ್ಪಷ್ಟವಾಗಿ ಅವನ ವಶಕ್ಕೆ ಒಪ್ಪಿಸಿರಬೇಕು. ಹಾನಿ ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು. ಹಣ ಹಿಡಿಯುವ ಮೊದಲು ಕಾರಣ ಹೇಳಿಕೊಳ್ಳಲು ಅವನಿಗೆ ಅವಕಾಶ ಕೊಡಬೇಕು. ಹಿಡಿಯುವ ಹಣ ಹಾನಿಯ ಮೊತ್ತವನ್ನು ಮೀರಕೂಡದು. ರಜೆಗೆ ಹೋಗುವಾಗ ಕಪಾಟಿನ ಕೀಲಿಯನ್ನು ಮಾಲಕರ ಕೈಗೆ ಕೊಟ್ಟವನ ಮೇಲೆ ಈ ಷರತ್ತುಗಳಲ್ಲಿ ಒಂದೂ ನಿಲ್ಲುವುದಿಲ್ಲ.

ಹಾಗೆಂದು ನಮ್ಮವರ ಕಡೆ ತಪ್ಪೇ ಇಲ್ಲ ಎನ್ನಲಾರೆವು. ಎಣ್ಣೆಯ ಡಬ್ಬಿ ಮುಂದಿದ್ದರೂ ಮುಟ್ಟದವರು, ಒದ್ದೆ ಯಂತ್ರವನ್ನು ಮೂಲೆಗೆ ಎಸೆದು ಹೋಗುವವರು ನಮ್ಮಲ್ಲೂ ಇದ್ದಾರೆ. ಊರಿಗೆ ಹೊರಡುವ ಮೊದಲು ಯಂತ್ರಗಳನ್ನು ಒರೆಸಿ, ಗ್ರೀಸು ಸವರಿ, ಯಾವುದು ಯಾವ ಸ್ಥಿತಿಯಲ್ಲಿದೆ ಎಂದು ಒಂದು ಕಾಗದದಲ್ಲಿ ಬರೆದು ಮಾಲಕರ ಸಹಿ ಪಡೆದಿದ್ದರೆ ಆ ತರುಣನ ಕೆಲಸ ನಮಗೂ ಸುಲಭವಾಗುತ್ತಿತ್ತು. ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದಿಟ್ಟುಕೊಂಡರೂ ಸಾಕು. ಮೇ ತಿಂಗಳಲ್ಲಿ ಊರಿಗೆ ಹೊರಡುವ ಬಂಧುಗಳೆಲ್ಲ ಟಿಕೇಟಿನ ಜೊತೆಗೆ ಈ ಕಾಗದವನ್ನೂ ಸಿದ್ಧಮಾಡಿಕೊಳ್ಳಬೇಕೆಂದು ಕೋರುತ್ತೇವೆ. ಶಿಫ್ಟಿನ ಕೊನೆಯ ಹದಿನೈದು ನಿಮಿಷವನ್ನು ಪಗಾರದ ಹೊತ್ತಿನಲ್ಲೇ ಒರೆಸುವ ಕೆಲಸಕ್ಕೆ ಬಿಡಬೇಕು, ಎಣ್ಣೆ-ವೇಸ್ಟುಗಳ ಖರ್ಚು ಮಾಲಕರದೇ ಆಗಿರಬೇಕು ಎಂಬುದು ಮಾಲಕರಲ್ಲಿ ನಮ್ಮ ಬೇಡಿಕೆ. ಒಂದು ಡ್ರಿಲ್ಲಿನ ಬೆಲೆಯಲ್ಲಿ ವರ್ಷದ ಎಣ್ಣೆ ಬರುತ್ತದೆ. ಲೆಕ್ಕ ಬಲ್ಲ ಮಾಲಕರು ಇದಕ್ಕೆ ಇಲ್ಲವೆನ್ನಲಾರರು.

ಸಂಘದಿಂದ ಪತ್ರ ಬರೆದ ಮೇಲೆ ಆ ತರುಣನ ಹಣ ಎರಡು ಕಂತಿನಲ್ಲಿ ಹಿಂದಿರುಗಿತು. ಕಪಾಟಿಗೆ ಬಲ್ಬು ಮಾತ್ರ ಇನ್ನೂ ಬಂದಿಲ್ಲವಂತೆ.